ಎರಡನೆಯ ಸೀಟಿ

ಮಣಿಪಾಲದಲ್ಲಿ ನಮ್ಮ ಮನೆಯ ಹತ್ತಿರ ಹಿರಿಯರಿಗೆಂದು ಬೆಳಗಿನ ವ್ಯಾಯಾಮದ ತರಗತಿಯೊಂದು ನಡೆಯುತ್ತದೆ. ಕಳೆದ ತಿಂಗಳು ಅಲ್ಲಿ ಮುಂದಕ್ಕೆ ಬಾಗಿ ಕಾಲ್ಬೆರಳು ಮುಟ್ಟಿ ನೆಟ್ಟಗೆ ಎದ್ದಾಗ ನನಗೆ ಕಣ್ಣು ಕತ್ತಲೆ ಬಂತು. ಕಿಟಕಿ, ಗೋಡೆ, ಪಕ್ಕದ ಚಾಪೆಯಲ್ಲಿದ್ದ ನಿವೃತ್ತ ಬ್ಯಾಂಕಿನವರು, ಎಲ್ಲವೂ ಬೂದಿ ಬಣ್ಣಕ್ಕೆ ತಿರುಗಿ, ಮೂರು ಉಸಿರಿನಲ್ಲಿ ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಂದವು. ಹೇಳಿಕೊಡುವ ಹುಡುಗಿ ಓಡಿ ಬಂದು, “ಆಂಟಿ, ಹಾಗೆ ಸಟ್ಟ ಏಳಬಾರದು. ಬೆಳಿಗ್ಗೆ ಎಂತ ತಿಂದಿದ್ದೀರಿ?” ಎಂದಳು. ಏನೂ ಆಗಿಲ್ಲವೆಂದೆ. ಆದರೆ ಅರ್ಧ ಗಂಟೆ ಕಳೆದರೂ ಚಾಪೆ ಬಿಟ್ಟು ಏಳಲಿಲ್ಲ. ಅದು ತಲೆ ಸುತ್ತಿದ್ದಕ್ಕಲ್ಲ. ಆ ಮೂರು ಉಸಿರಿನ ಕತ್ತಲೆಯಲ್ಲಿ ಹುಡುಗಿಯೊಬ್ಬಳ ನಗುಮುಖ ಕಂಡಿತ್ತು. ನಗುತ್ತಲೇ ಅವಳು ಹಿಂದಕ್ಕೆ ವಾಲಿದ್ದಳು. ನಲವತ್ತು ವರ್ಷ ದಾಟಿದರೂ ಅವಳು ನನ್ನ ಕಣ್ಣೊಳಗೆ ಹಾಗೆಯೇ ವಾಲುತ್ತಾಳೆ.

ಎಪ್ಪತ್ತೊಂಬತ್ತರ ಮಳೆಗಾಲ. ಕಾರ್ಕಳದವಳಾದ ನಾನು ಎಂ.ಎ. ಮುಗಿಸಿ, ಉಡುಪಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಹೆರಿಗೆ ರಜೆಯ ಮೇಲೆ ಹೋದವರ ಬದಲಿಗೆ ಇತಿಹಾಸ ಕಲಿಸಲು ಸೇರಿದ್ದೆ. ಸ್ವಾತಂತ್ರ್ಯ ದಿನಕ್ಕೆ ತಾಲೂಕು ಮಟ್ಟದ ಕವಾಯತು ಇರುತ್ತಿತ್ತು. ಅದಕ್ಕೆ ನಮ್ಮ ಕಾಲೇಜಿನಿಂದ ಹತ್ತು ಹುಡುಗಿಯರ ಪಿರಮಿಡ್ ಎಂದು ತೀರ್ಮಾನವಾಗಿತ್ತು. ಕೆಳಗೆ ನಾಲ್ವರು ಕೈಕಾಲೂರಿ, ಅವರ ಬೆನ್ನ ಮೇಲೆ ಮೂವರು, ಅವರ ಮೇಲೆ ಇಬ್ಬರು, ತುದಿಯಲ್ಲಿ ಒಬ್ಬಳು ಎದ್ದು ನಿಂತು ಬಾವುಟ ಬಿಚ್ಚಬೇಕು. ಹೊಸಬಳೆಂದು ನನ್ನನ್ನು ಸಹಾಯಕ್ಕೆ ಹಾಕಿದರು. ನನ್ನ ಕೆಲಸ ಹಾಜರಿ ತೆಗೆಯುವುದು, ಸೀಟಿ ಊದುವುದು. ಮೊದಲ ಸೀಟಿಗೆ ತುದಿಯವಳು ಕುಕ್ಕರುಗಾಲಿನಲ್ಲಿ ಕೂರಬೇಕು. ಎರಡನೆಯದಕ್ಕೆ ಏಳಬೇಕು. ಮೂರನೆಯದಕ್ಕೆ ಬಾವುಟ.

ಕಲಿಸುವವರು ದೈಹಿಕ ಶಿಕ್ಷಣದ ಹಿಲ್ಡಾ ಟೀಚರ್. ಕಾಪುವಿನಲ್ಲಿ ಕಡಲ ಬದಿಯ ಮನೆ, ನಲವತ್ತರ ಹತ್ತಿರದ ವಯಸ್ಸು, ಗಿಡ್ಡ ಆಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿ ಬಸ್ಸಿನಿಂದ ಇಳಿದರೆ ಸ್ಟ್ಯಾಂಡಿನಲ್ಲಿ ಕೆಲವರು ನಗುತ್ತಿದ್ದರು. ಟೀಚರಿಗೆ ಅದು ಕಾಣಿಸುತ್ತಲೇ ಇರಲಿಲ್ಲ. ಮನೆಯಲ್ಲಿ ಕೊಂಕಣಿ, ದಾರಿಯಲ್ಲಿ ತುಳು, ನಮ್ಮೊಡನೆ ಪುಸ್ತಕದಲ್ಲಿ ಓದಿದಂಥ ಕನ್ನಡ. ನನ್ನನ್ನು ಹೆಸರು ಹಿಡಿದು ಕರೆದವರಲ್ಲ, ಯಾವಾಗಲೂ “ಹಿಸ್ಟರಿ ಮಿಸ್.”

ಮೊದಲ ಒಂದು ವಾರ ಅವರು ಯಾರನ್ನೂ ಮೇಲೆ ಹತ್ತಿಸಲಿಲ್ಲ. ಬೆಂಚಿನ ಮೇಲಿಂದ ಇಳಿಸಿದರು. ಇಳಿಯುವುದನ್ನೇ ಕಲಿಸಿದರು. ಯಾರು ಮೊದಲು, ಯಾವ ಕಾಲು ಮೊದಲು, ಕೈ ಎಲ್ಲಿ. ಹುಡುಗಿಯರಿಗೆ ಬೇಸರ ಬಂತು. “ಟೀಚರ್, ಹತ್ತದೆ ಇಳಿಯುವುದು ಹೇಗೆ?” ಎಂದು ಶಶಿಕಲಾ ಎಂಬವಳು ಕೇಳಿದಳು. ಅವಳ ನಾಲಿಗೆ ಚುರುಕು. ತುದಿಯ ಜಾಗ ತನಗೇ ಸಿಗಬೇಕಿತ್ತೆಂದು ಒಳಗೇ ಕುದಿಯುತ್ತಿದ್ದಳು. ಹಿಲ್ಡಾ ಟೀಚರ್ ಅವಳ ಜಡೆಯನ್ನು ಮೆಲ್ಲನೆ ಎಳೆದು, “ಹತ್ತಲಿಕ್ಕೆ ಬೆಕ್ಕಿಗೂ ಗೊತ್ತುಂಟು ಮಾರಾಯ್ತಿ. ತೆಂಗಿನ ಮರದಲ್ಲಿ ಕೂತು ರಾತ್ರಿಯಿಡೀ ಅಳುವುದು ಯಾರು?” ಎಂದರು.

ತುದಿಯ ಜಾಗ ಸಿಕ್ಕಿದ್ದು ಜಲಜಳಿಗೆ. ನಂದಿಕೂರಿನ ಹುಡುಗಿ, ಪಿಯುಸಿ ಎರಡನೆಯ ವರ್ಷ. ಒಣಗಿದ ಮೀನಿನಷ್ಟು ಹಗುರ. ಯಾರ ಬೆನ್ನ ಮೇಲೆ ಕಾಲಿಟ್ಟರೂ ಇಟ್ಟದ್ದು ಗೊತ್ತಾಗದ ಹಾಗೆ ಇಡುತ್ತಿದ್ದಳು. ಎದ್ದು ನಿಂತ ಮೇಲೆ ಎರಡು ಕ್ಷಣ ಕಣ್ಣು ಮುಚ್ಚುತ್ತಿದ್ದಳು, ಮುಖದಲ್ಲಿ ನಗು. ಪ್ರಾರ್ಥನೆ ಮಾಡುತ್ತಾಳೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದವಳನ್ನು ಅದನ್ನೇ ಕೇಳಿದೆ.

“ಪ್ರಾರ್ಥನೆ ಅಲ್ಲ ಮಿಸ್,” ಎಂದಳು. ಅತ್ತಿತ್ತ ನೋಡಿ ದನಿ ಇಳಿಸಿದಳು. “ಕೂತು ಎದ್ದರೆ ಕಣ್ಣು ಕತ್ತಲೆ ಬರ್ತದೆ. ಎರಡೇ ಕ್ಷಣ. ಮತ್ತೆ ಎಂತದೂ ಇಲ್ಲ.”

“ಟೀಚರಿಗೆ ಹೇಳಿದ್ದೀಯಾ?”

“ಅಯ್ಯೋ, ಬೇಡ ಮಿಸ್! ಹೇಳಿದರೆ ಅವರು ಮನೆಗೆ ಚೀಟಿ ಕಳಿಸುತ್ತಾರೆ. ನಮ್ಮ ಅಕ್ಕ ಒಂಬತ್ತನೆಯಲ್ಲಿ ಒಂದು ದಿನ ಶಾಲೆಯಲ್ಲಿ ತಲೆ ತಿರುಗಿ ಬಿದ್ದಳು. ಅಮ್ಮ ದೆವ್ವದ ಸೋಂಕು ಅಂತ ಹೇಳಿ, ಮಂತ್ರಿಸಿದ ನೂಲು ಕಟ್ಟಿಸಿ, ಶಾಲೆ ಬಿಡಿಸಿದರು. ಮರುವರ್ಷ ಮದುವೆ. ನನ್ನದು ಗೊತ್ತಾದರೆ ನಾಳೆಯಿಂದ ಕಾಲೇಜು ಇಲ್ಲ. ನೀವು ಹೇಳುವುದಿಲ್ಲ ಅಲ್ವಾ ಮಿಸ್?”

ನನಗಾಗ ಇಪ್ಪತ್ತನಾಲ್ಕು ವರ್ಷ. ಒಬ್ಬ ವಿದ್ಯಾರ್ಥಿನಿ ನನ್ನಲ್ಲಿ ಗುಟ್ಟು ಹೇಳಿಕೊಂಡಳೆಂಬುದೇ ದೊಡ್ಡದಾಗಿ ಕಂಡಿತು. ಹೇಳುವುದಿಲ್ಲ ಎಂದೆ. ಹುಡುಗಿಯ ಓದು ಉಳಿಸುತ್ತಿದ್ದೇನೆ ಎಂದೂ ಅಂದುಕೊಂಡೆ.

ಜುಲೈಯ ಕೊನೆಗೆ ಆಟಿ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ನಸುಕಿನಲ್ಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಅರೆದು ರಸ ತೆಗೆದು, ಬೆಂಕಿಯಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಚುಂಯ್ ಎನ್ನಿಸಿ, ಬೆಳ್ಳುಳ್ಳಿ ಓಮದ ಒಗ್ಗರಣೆ ಕೊಟ್ಟು ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಅಷ್ಟು ಕಹಿ ಇನ್ನೊಂದಿಲ್ಲ. ವರ್ಷವಿಡೀ ಕಾಯಿಲೆ ಬಾರದೆಂಬ ನಂಬಿಕೆ. ಮದ್ದಿನ ಉಷ್ಣ ಇಳಿಯಲು ಹಿಂದೆಯೇ ಮೆಂತೆ ಗಂಜಿ ಉಣ್ಣಬೇಕು. ಕಷಾಯ ಕುಡಿದು ಗಂಜಿ ಬಿಡುವವರಿಲ್ಲ. ಆದರೆ ಆ ದಿನ ಏಳೂವರೆಗೆ ಅಭ್ಯಾಸ ಎಂದು ಹಾಜರಿ ಪುಸ್ತಕ ಹಿಡಿದು ಹಿಂದಿನ ಸಂಜೆ ಹೇಳಿದವಳು ನಾನೇ. ತಡವಾಗಿ ಬಂದವರನ್ನು ಪಿರಮಿಡ್ಡಿನಿಂದ ತೆಗೆಯಲಾಗುವುದು ಎಂದೂ ಬಿಗಿಯಾಗಿ ಸೇರಿಸಿದ್ದೆ.

ಮಳೆ ಹೊಯ್ಯುತ್ತಿತ್ತು. ಅಭ್ಯಾಸ ಒಳಗೆ, ಸಿಮೆಂಟು ನೆಲದ ಹಾಲಿನಲ್ಲಿ. ಹುಡುಗಿಯರು ಲಂಗ ಹಿಂಡುತ್ತಾ ತಂತಮ್ಮ ಮನೆಯ ಕಷಾಯದ ಜಂಬ ಕೊಚ್ಚುತ್ತಿದ್ದರು.

“ನಮ್ಮಲ್ಲಿ ಇಡೀ ಲೋಟ, ಗೊತ್ತುಂಟಾ? ಅಣ್ಣ ವಾಂತಿ ಮಾಡಿದ. ನಾನು ಮಾಡಲಿಲ್ಲ,” ಎಂದಳು ಶಶಿಕಲಾ.

“ನಾನೂ ಇಡೀ ಲೋಟ,” ಎಂದಳು ಜಲಜ. “ಮಳೆಗೆ ಕಟ್ಟಿಗೆ ಚಂಡಿ, ಉರಿಯಲೇ ಇಲ್ಲ. ಗಂಜಿ ಬೇಯುವಾಗ ಬಸ್ಸು ಬಂದಾಯಿತು. ಓಡಿ ಬಂದೆ.”

“ಗಂಜಿ ಇಲ್ಲದೆಯಾ? ಹೊಟ್ಟೆ ಸುಟ್ಟು ಹೋಗ್ತದೆ ನೋಡು. ಮೇಲೆ ಹತ್ತುವವಳು ಭಾರ ಆಗಬಾರದು ಅಂತಲಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿಲ್ಡಾ ಟೀಚರ್ ಹಾಲಿನ ಆಚೆ ತುದಿಯಲ್ಲಿ ಬೈಹುಲ್ಲು ತುಂಬಿದ ಗೋಣಿಗಳನ್ನು ಎಳೆದು ಹಾಸುತ್ತಿದ್ದರು. ಅವರಿಗೆ ಇದಾವುದೂ ಕೇಳಿಸಲಿಲ್ಲ. ನನಗೆ ಕೇಳಿಸಿತ್ತು. ಕುಳಿತು ಎದ್ದರೆ ಕತ್ತಲೆ ಬರುವುದು ಗೊತ್ತಿತ್ತು, ಹೊಟ್ಟೆಯಲ್ಲಿ ಕಷಾಯವಲ್ಲದೆ ಬೇರೇನೂ ಇಲ್ಲವೆಂದೂ ಗೊತ್ತಿತ್ತು. ಎರಡನ್ನೂ ಜೋಡಿಸಲು ಎಷ್ಟು ಓದು ಬೇಕು?

ಮೊದಲ ಸೀಟಿ ಊದಿದೆ. ಜಲಜ ತುದಿಗೇರಿ ಕುಕ್ಕರುಗಾಲಿನಲ್ಲಿ ಕುಳಿತಳು. ಒಂದು ಪಾದ ಶಶಿಕಲಾಳ ಬೆನ್ನಿನ ಮೇಲೆ, ಇನ್ನೊಂದು ಪಕ್ಕದವಳ ಮೇಲೆ. ಅವಳ ತುಟಿ ಬಿಳುಚಿದ್ದನ್ನು ಕಂಡೆ. ಇಲ್ಲ, ಈಗ ಹಾಗೆ ಅನ್ನಿಸುವುದೋ, ಆಗಲೇ ಕಂಡಿತ್ತೋ, ಎಷ್ಟು ಸಲ ತಿರುಗಿಸಿ ನೋಡಿದರೂ ಗೊತ್ತಾಗುವುದಿಲ್ಲ. ಎರಡನೆಯ ಸೀಟಿ ಊದಿದೆ.

ಅವಳು ಎದ್ದಳು. ನಕ್ಕಳು. ಕಣ್ಣು ಮುಚ್ಚಿದಳು. ಎರಡು ಕ್ಷಣ ಕಳೆಯಿತು, ಕಣ್ಣು ತೆರೆಯಲಿಲ್ಲ. ಮೊಣಕಾಲು ಒಂದೊಂದಾಗಿ ಸಡಿಲಿ, ನಗುವನ್ನು ಮುಖದ ಮೇಲೆಯೇ ಮರೆತು, ಬಾಗಿಲು ತೆರೆದುಕೊಳ್ಳುವ ಹಾಗೆ ಹಿಂದಕ್ಕೆ ವಾಲಿದಳು. ಸೀಟಿ ನನ್ನ ಹಲ್ಲಿನ ನಡುವೆಯೇ ಇತ್ತು. ನಾನು ಅಲ್ಲಾಡಲಿಲ್ಲ.

ಗೋಣಿ ಹಾಸಿ ಮುಗಿಸಿದ ಹಿಲ್ಡಾ ಟೀಚರ್ ಪಿರಮಿಡ್ಡಿನ ಹಿಂದೆ ನಿಂತಿದ್ದರು. ಹಿಡಿದರು ಎಂದರೆ ಸರಿಯಾಗದು. ಅವಳ ಕೆಳಗೆ ತಾವು ಹೋದರು. ಗೋಣಿ ಮುಗಿದು ಸಿಮೆಂಟು ಶುರುವಾಗುವ ಕಡೆ ಇಬ್ಬರೂ ಬಿದ್ದರು. ಹಸಿ ಕಡ್ಡಿ ಮುರಿದಂಥ ಒಂದು ಸದ್ದು ಕೇಳಿತು.

ಕೆಟ್ಟ ಗಳಿಗೆ ಮುಗಿಯಿತು ಎಂದು ನಾನು ಭಾವಿಸಿದೆ. ಅದು ಆಗ ತಾನೇ ಶುರುವಾಗಿತ್ತು. ಒಂಬತ್ತು ಹುಡುಗಿಯರು ಇನ್ನೂ ಒಬ್ಬರ ಮೇಲೊಬ್ಬರು ಇದ್ದರು. ಕೆಳಗಿನವರು ನೆಲ ನೋಡುತ್ತಿದ್ದವರು. ಅವರಿಗೆ ಗೊತ್ತಾದದ್ದು ತುದಿಯ ಭಾರ ಇಲ್ಲವಾದದ್ದು ಮತ್ತು ಹಿಂದೆ ಯಾರೋ ಬಿದ್ದದ್ದು ಮಾತ್ರ. ಒಬ್ಬಳು ಹೆದರಿ ತಿರುಗಿದರೂ ಸಾಕು, ಉಳಿದವರೆಲ್ಲ ಅವಳ ಕತ್ತಿನ ಮೇಲೆ. ಪಿರಮಿಡ್ ನಡುಗುತ್ತಿರುವುದು ಕಾಣುತ್ತಿತ್ತು. ಯಾರೋ ಅಳಲು ಶುರು ಮಾಡಿದರು.

“ಯಾರೂ ಅಲ್ಲಾಡಬೇಡಿ.” ನೆಲದ ಮೇಲಿಂದ ಬಂದ ಆ ದನಿ ಬೆಳಗಿನ ಹಾಜರಿ ಕೂಗಿದಷ್ಟು ಸಾಮಾನ್ಯವಾಗಿತ್ತು. “ಜಲಜ ನನ್ನ ಹತ್ತಿರ ಇದ್ದಾಳೆ. ಏನೂ ಆಗಲಿಲ್ಲ. ಈಗ ಇಳಿಯುವುದು. ಕಲಿತಿದ್ದೀರಲ್ಲ? ಶಶಿಕಲಾ, ಎಡಗಾಲು. ಹಾಂ. ಕೈ ಬಿಡಬೇಡ. ಈಗ ಬಲಗಾಲು. ಬೆಕ್ಕಿನ ಹಾಗೆ ಅಳಬಾರದು. ಮುಂದಿನವಳು.”

ಹೆಸರು ಹಿಡಿದು, ಕಾಲು ಹೇಳಿ, ಒಬ್ಬೊಬ್ಬರನ್ನೇ ಇಳಿಸಿದರು. ಎರಡನೆಯ ಸಾಲು, ಮೂರನೆಯ ಸಾಲು. ಕೊನೆಗೆ ಕೆಳಗಿನ ನಾಲ್ವರು ಮಂಡಿಯೂರಿ ಕೂತ ಮೇಲೆಯೇ ಜಲಜಳ ಕಡೆ ತಿರುಗಿದ್ದು. ನನಗೆ ಕೂಗಿ ಹೇಳಿದರು, “ಹಿಸ್ಟರಿ ಮಿಸ್, ಆ ಬೆಂಚು ತನ್ನಿ. ಇವಳ ಕಾಲು ಎತ್ತಿ ಅದರ ಮೇಲಿಡಿ. ತಲೆ ಕೆಳಗೇ ಇರಲಿ.” ಆಗಲೇ ನನ್ನ ಕಾಲಿಗೆ ಜೀವ ಬಂದದ್ದು. ಬೆಂಚು ಎಳೆದು ತಂದೆ. ಸ್ವಲ್ಪ ಹೊತ್ತಿನಲ್ಲಿ ಜಲಜ ಕಣ್ಣು ಬಿಟ್ಟಳು. ಆಗ ಟೀಚರ ಬಲಗೈ ನನ್ನ ಕಣ್ಣಿಗೆ ಬಿತ್ತು. ಮಣಿಕಟ್ಟಿನ ಹತ್ತಿರ ಅದು ಸೌಟಿನ ಹಾಗೆ ಬಾಗಿತ್ತು.

“ಟೀಚರ್, ಕೈ!”

“ಕೈ ಇಲ್ಲೇ ಉಂಟು, ಎಲ್ಲಿಗೆ ಹೋಗ್ತದೆ? ಮೊದಲು ಲೆಕ್ಕ ಹಾಕಿ. ಹತ್ತು ಜನ ಸರಿ ಉಂಟಾ?”

ಎಣಿಸಿದೆ. ಹತ್ತು. ಮತ್ತೊಮ್ಮೆ ಎಣಿಸಿದೆ. ಆಮೇಲೆಯೇ ಅವರು ಗೋಡೆಗೊರಗಿ, ಮೆಲ್ಲನೆ ಕೊಂಕಣಿಯಲ್ಲಿ ದೇವರನ್ನು ಕರೆದರು.

ಜಲಜಳನ್ನೂ ಟೀಚರನ್ನೂ ಬಾಡಿಗೆ ಕಾರಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹುಡುಗಿಗೆ ರಕ್ತ ಕಡಿಮೆ, ಕೂತಲ್ಲಿಂದ ಫಕ್ಕನೆ ಎದ್ದಾಗ ರಕ್ತ ತಲೆಗೆ ಮುಟ್ಟಲು ತಡವಾಗುತ್ತದೆ, ಬರಿಹೊಟ್ಟೆಯೂ ಸೇರಿತು ಎಂದು ಡಾಕ್ಟರು ಹೇಳಿ ಮಾತ್ರೆ ಬರೆದುಕೊಟ್ಟರು. ಟೀಚರ ಕೈಗೆ ಪ್ಲಾಸ್ಟರ್ ಬಿತ್ತು. ಅದು ಒಣಗುವುದನ್ನು ಕಾಯುತ್ತಾ ಬೆಂಚಿನಲ್ಲಿ ಕೂತಿದ್ದಾಗ ನಾನು ಎಲ್ಲವನ್ನೂ ಹೇಳಿದೆ. ನಲ್ಲಿಯ ಹತ್ತಿರದ ಮಾತು, ಗಂಜಿ, ಎಲ್ಲ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

ಅವರು ಪ್ಲಾಸ್ಟರಿನ ಅಂಚನ್ನು ಬೆರಳಿನಿಂದ ಮುಟ್ಟಿ ಒಣಗಿತೇ ಎಂದು ನೋಡಿದರು. ಆಮೇಲೆ, “ಹಿಸ್ಟರಿಯವರಿಗೆ ನಡೆದು ಹೋದದ್ದು ಮಾತ್ರ ಕಾಣುವುದಾ?” ಎಂದರು. ಅದು ನಾಟಿದ್ದು ನೋಡಿರಬೇಕು, ದನಿ ಬದಲಾಯಿತು. “ನೀವು ಬಂದು ತಿಂಗಳಾಗಲಿಲ್ಲ, ನಿಮ್ಮ ಹತ್ತಿರ ಹೇಳಿದಳು. ನಾನು ಎರಡು ವರ್ಷದಿಂದ ಇದ್ದೇನೆ, ನನ್ನ ಹತ್ತಿರ ಹೇಳಲಿಲ್ಲ. ಯಾಕೆ? ನಾನು ಅವರಿಗೆ ಇಳಿಯುವುದು ಕಲಿಸಿದೆ. ಹೆದರಿಕೆ ಆದರೆ ಬಾಯಿಬಿಟ್ಟು ಹೇಳುವುದು ಕಲಿಸಲಿಲ್ಲ. ‘ಎಂತ ಆದರೂ ನಗುತ್ತಾ ಇರಿ’ ಅಂತ ಕಲಿಸಿದೆ. ಆ ಹುಡುಗಿ ನೋಡಿ, ಬೀಳುವಾಗಲೂ ನಗುತ್ತಿದ್ದಳು.”

ಮರುದಿನದಿಂದ ಜಲಜ ಬರಲಿಲ್ಲ. ಮನೆಯವರು ಬಿಡಿಸಿದ್ದಾರೆಂದು ಮೂರನೆಯ ದಿನ ಸುದ್ದಿ ಬಂತು.

ಆ ಭಾನುವಾರ ಹಿಲ್ಡಾ ಟೀಚರ್ ಚರ್ಚಿನ ಪೂಜೆ ಮುಗಿಸಿ ಕಾಪು ಸ್ಟ್ಯಾಂಡಿನಲ್ಲಿ ನನಗಾಗಿ ಕಾದಿದ್ದರು. ಕತ್ತಿಗೆ ತೂಗುಹಾಕಿದ ಪ್ಲಾಸ್ಟರಿನ ಕೈ, ಎಡಗೈಯಲ್ಲಿ ಕೊಡೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ನಂದಿಕೂರಿಗೆ ಹೋದೆವು. ಜಲಜಳ ಮನೆಯೆದುರಿನ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ತಾಯಿ ಕಮಲಕ್ಕ ಅಲ್ಲೇ ಇದ್ದರು. ಹದಿನೈದಿಪ್ಪತ್ತು ಹೆಂಗಸರು ಬಗ್ಗಿ ಸಾಲಾಗಿ ಹಿಂದೆ ಹಿಂದೆ ಸರಿಯುತ್ತಾ ನೇಜಿ ನೆಡುತ್ತಿದ್ದರು. ಕರೆಯೋಣವೆಂದರೆ ಟೀಚರ್ ಬೇಡವೆಂದರು. ಸಾಲು ಮುಗಿಯುವವರೆಗೆ ಗದ್ದೆಯಂಚಿನ ಹುಣಿಯ ಮೇಲೆ ನಿಂತು ಕಣ್ಣು ಕೀಳದೆ ನೋಡಿದರು. ಸಾಲು ಮುಗಿದಾಗ ಹೆಂಗಸರು ಎದ್ದರು. ಒಬ್ಬರೂ ಒಂದೇ ಸಲಕ್ಕೆ ನೆಟ್ಟಗಾಗಲಿಲ್ಲ. ಮೊದಲು ಕೈ ಮೊಣಕಾಲಿಗೆ. ಒಂದು ಉಸಿರು. ಆಮೇಲೆ ಕೈ ಸೊಂಟಕ್ಕೆ. ಇನ್ನೊಂದು ಉಸಿರು. ಎಲ್ಲ ಆದ ಮೇಲೆ ತಲೆ.

“ನೋಡಿದಿರಾ?” ಎಂದು ಟೀಚರ್ ನನ್ನ ತೋಳು ತಿವಿದರು.

ಜಗಲಿಯಲ್ಲಿ ಕಮಲಕ್ಕ ನೀರು ಬೆಲ್ಲ ಕೊಟ್ಟರು. ಮಾತು ತುಳುವಿನಲ್ಲಿ ನಡೆಯಿತು. ಮರ್ಯಾದೆಗೆ ಕೊರತೆಯಿಲ್ಲ, ಆದರೆ ಮನಸ್ಸು ಗಟ್ಟಿ. “ದೊಡ್ಡವಳಿಗೂ ಹೀಗೆಯೇ ಆದದ್ದು. ಇದು ಸೋಂಕು ಟೀಚರೇ. ಜೋಯಿಸರಲ್ಲಿ ಕೇಳಿಸಿದ್ದೇವೆ, ನೂಲು ಕಟ್ಟಿದ್ದೇವೆ. ಇನ್ನು ಕಾಲೇಜು ಸಾಕು.” ಜಲಜ ಬಾಗಿಲ ಮರೆಯಲ್ಲಿ ನಿಂತಿದ್ದಳು. ಕೈಯಲ್ಲಿ ಕರಿ ನೂಲು.

“ಗದ್ದೆಯಲ್ಲಿ ಏಳುವಾಗ ನೀವು ಮೊಣಕಾಲಿಗೆ ಕೈ ಕೊಟ್ಟಿರಲ್ಲ, ಯಾಕೆ?” ಎಂದು ಟೀಚರ್ ಕೇಳಿದರು.

“ಸಟ್ಟ ಎದ್ದರೆ ತಲೆ ತಿರುಗ್ತದಲ್ಲ.”

“ನಿಮಗೆ ಮಾತ್ರವಾ?”

“ಎಲ್ಲರಿಗೂ. ಇಡೀ ದಿನ ಬಗ್ಗಿದರೆ ಮತ್ತೆಂತ?”

“ಹಾಗಾದರೆ ಇಡೀ ಗದ್ದೆಗೇ ಸೋಂಕು. ಎಲ್ಲರಿಗೂ ನೂಲು ಕಟ್ಟಬೇಕಲ್ಲ?”

ಅಂಗಳದಲ್ಲಿ ಎಲೆಯಡಿಕೆ ಹಾಕುತ್ತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. “ನನಗೆ ಎರಡು ಕಟ್ಟಿ, ನನ್ನ ಸೊಂಟಕ್ಕೂ ಉಂಟು,” ಎಂದಳೊಬ್ಬಳು. ಕಮಲಕ್ಕ ನಗಲಿಲ್ಲ. “ನಮಗೆ ತಿರುಗಿದರೆ ಬೀಳುವುದು ಕೆಸರಿಗೆ,” ಎಂದರು. “ನನ್ನ ಮಗಳನ್ನು ನೀವು ಎಲ್ಲಿ ನಿಲ್ಲಿಸಿದ್ದಿರಿ?”

ನಗು ನಿಂತಿತು. ಹಿಲ್ಡಾ ಟೀಚರ್ ತಲೆ ತಗ್ಗಿಸಿದರು. ಅಧ್ಯಾಪಕರು ಅಷ್ಟು ಜನರೆದುರು ಹಾಗೆ ತಲೆ ತಗ್ಗಿಸಿದ್ದನ್ನು ನಾನು ಆಮೇಲಿನ ಮೂವತ್ತು ವರ್ಷಗಳ ಕೆಲಸದಲ್ಲಿ ಮತ್ತೆ ಕಂಡಿಲ್ಲ. “ನೀವು ಹೇಳಿದ್ದು ಸರಿ,” ಎಂದರು. “ತಪ್ಪು ನನ್ನದು. ಇನ್ನು ಅವಳನ್ನು ಮೇಲೆ ಹತ್ತಿಸುವುದಿಲ್ಲ. ನಿಮಗೆ ಕೋಪ ಇದ್ದರೆ ನನ್ನ ಮೇಲೆ ಇರಲಿ. ಅವಳ ಓದಿನ ಮೇಲೆ ಬೇಡ.”

ಆಗ ನಾನು ಹೇಳಿದೆ, “ಟೀಚರಿಗೆ ಗೊತ್ತಿರಲಿಲ್ಲ ಅಕ್ಕ. ಜಲಜ ನನಗೆ ಹೇಳಿದ್ದಳು. ನಾನು ಬಾಯಿ ಮುಚ್ಚಿಕೊಂಡೆ.”

ಕಮಲಕ್ಕ ನನ್ನನ್ನೊಮ್ಮೆ, ಟೀಚರ ಪ್ಲಾಸ್ಟರನ್ನೊಮ್ಮೆ ನೋಡಿದರು. “ನೋವು ಉಂಟಾ?” ಎಂದು ಕೇಳಿದರು.

“ಉಂಟು,” ಎಂದರು ಟೀಚರ್.

“ನೀವು ಇಲ್ಲದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು ಅಂತ ಮಗಳು ಹೇಳಿದಳು.” ಕಮಲಕ್ಕ ಒಳಕ್ಕೆ ಮುಖ ಮಾಡಿದರು. “ಏಯ್, ಬಾಗಿಲಿನ ಹಿಂದೆ ಎಂತ ಹಲ್ಲಿಯ ಹಾಗೆ? ನಾಳೆ ಗಂಜಿ ಉಣ್ಣದೆ ಬಸ್ಸು ಹತ್ತಿದರೆ ಕಾಲು ಮುರಿಯುತ್ತೇನೆ.” ಒಳಗಿನಿಂದ ಮೂಗು ಎಳೆದ ಸದ್ದು ಕೇಳಿತು. ನೂಲು ಬಿಚ್ಚಲು ಅವರೂ ಹೇಳಲಿಲ್ಲ, ಟೀಚರೂ ಕೇಳಲಿಲ್ಲ.

ಸೋಮವಾರ ಪಿರಮಿಡ್ಡಿನ ಒಂದು ಅಂತಸ್ತು ಹೋಯಿತು. ಕೆಳಗೆ ಮೂವರು, ಮೇಲೆ ಇಬ್ಬರು, ತುದಿಯಲ್ಲಿ ಒಬ್ಬಳು. ಉಳಿದವರು ಅಕ್ಕಪಕ್ಕ ಬಾವುಟ ಹಿಡಿಯುವುದು. ಬೇರೆ ಕಾಲೇಜಿನವರು ನಾಲ್ಕು ಅಂತಸ್ತು ಮಾಡುವಾಗ ನಮ್ಮದು ಗಿಡ್ಡವಾಗುತ್ತದೆ ಎಂದು ಪ್ರಿನ್ಸಿಪಾಲರು ಮುಖ ಸಿಂಡರಿಸಿದರು. “ನಾನೂ ಗಿಡ್ಡ ಸರ್, ಕೆಲಸ ನಡೀತಾ ಇಲ್ವಾ?” ಎಂದರು ಹಿಲ್ಡಾ ಟೀಚರ್. ಏಳುವ ಕ್ರಮ ಬದಲಾಯಿತು. ಕೈ ಮೊಣಕಾಲಿಗೆ, ಉಸಿರು. ಕೈ ಸೊಂಟಕ್ಕೆ, ಉಸಿರು. ಕೊನೆಗೆ ತಲೆ. ಇನ್ನೊಂದು ಹೊಸ ಪಾಠವೂ ಬಂತು. ಯಾರಿಗೆ ಕಣ್ಣು ಕತ್ತಲೆ ಬಂದರೂ ಗಟ್ಟಿಯಾಗಿ “ಕತ್ತಲೆ” ಎಂದು ಕೂಗಿ ಇದ್ದಲ್ಲೇ ಕೂರಬೇಕು, ಉಳಿದವರು ಗೊಣಗದೆ ಕಾಯಬೇಕು. ಒಬ್ಬೊಬ್ಬರನ್ನೂ ನಿಲ್ಲಿಸಿ ಕೂಗಿಸಿದರು. ಹುಡುಗಿಯರಿಗೆ ನಾಚಿಕೆ. “ಮನೆಯಲ್ಲಿ ಹಲ್ಲಿ ಬಿದ್ದರೆ ಹೇಗೆ ಕೂಗುತ್ತೀರಿ? ಹಾಗೆ,” ಎಂದರು. ಶಶಿಕಲಾ ಮಾತ್ರ ಮೂಗು ಮುರಿದಳು. “ನನಗೆ ಅದೆಲ್ಲ ಬರುವುದಿಲ್ಲ ಟೀಚರ್. ಅದು ಕೆಲವರಿಗೆ ಮಾತ್ರ.” ತುದಿಯ ಜಾಗ ಈಗ ಅವಳದು. ಜಲಜ ಕೆಳಗಿನ ಸಾಲಿನ ನಡುವೆ.

ನನ್ನ ಕೈಯಿಂದ ಸೀಟಿಯನ್ನು ತೆಗೆದುಕೊಂಡರು. “ಒಂದು ಕೈಯಲ್ಲಿ ನನಗೆ ಹಿಂದೆ ನಿಂತು ಉಪಯೋಗ ಇಲ್ಲ. ನೀವು ನಿಲ್ಲಿ,” ಎಂದರು. ಹೇಗೆ ನಿಲ್ಲಬೇಕು, ಮೊಣಕಾಲು ಎಷ್ಟು ಮಡಚಬೇಕು, ಕಣ್ಣು ಎಲ್ಲಿ ಇಡಬೇಕು ಎಂದು ಹತ್ತು ದಿನ ನನಗೂ ಕಲಿಸಿದರು. ಗೋಣಿಯ ಮೇಲೆ ನನ್ನನ್ನು ಬೀಳಿಸಿಯೂ ಕಲಿಸಿದರು.

ಆಗಸ್ಟ್ ಹದಿನೈದರಂದು ಮಳೆ ಬಿಟ್ಟು ಸುಡುವ ಬಿಸಿಲು ಬಿದ್ದಿತ್ತು. ಒದ್ದೆ ಮೈದಾನದಿಂದ ಹಬೆ ಏಳುತ್ತಿತ್ತು. ಮುಖ್ಯ ಅತಿಥಿಗಳು ತಡವಾಗಿ ಬಂದುದರಿಂದ ಮಕ್ಕಳೆಲ್ಲ ಎರಡು ಗಂಟೆ ಬಿಸಿಲಲ್ಲೇ ನಿಂತಿದ್ದರು. ನಮ್ಮ ಸರದಿ ಬಂದಾಗ ಬ್ಯಾಂಡು ಶುರುವಾಯಿತು. ಟೀಚರ್ ಎದುರಿಗೆ ನಿಂತು ಮೊದಲ ಸೀಟಿ ಊದಿದರು. ಶಶಿಕಲಾ ತುದಿಯಲ್ಲಿ ಕುಳಿತಳು. ನಾನು ಹಿಂದೆ, ಕೈ ಚಾಚಿ, ಅವಳ ಹಿಮ್ಮಡಿ ನೋಡುತ್ತಾ ನಿಂತೆ.

ಎರಡನೆಯ ಸೀಟಿ. ಶಶಿಕಲಾ ಕೈಯನ್ನು ಮೊಣಕಾಲಿಗಿಟ್ಟಳು. ಸೊಂಟಕ್ಕೆ ತಂದಳು. ತಲೆ ಎತ್ತಲಿಲ್ಲ. ಇಡೀ ಮೈದಾನದ ಎದುರು, ಸೀಳು ದನಿಯಲ್ಲಿ, “ಕತ್ತಲೆ!” ಎಂದು ಕೂಗಿ ಕುಸಿದು ಕುಳಿತಳು.

ಕುರ್ಚಿಗಳ ಸಾಲಿನಲ್ಲಿ ಗುಸುಗುಸು ಎದ್ದಿತು. ಏನು ಮಾಡುವುದೆಂದು ತೋಚದೆ ಬ್ಯಾಂಡಿನವರು ಅದೇ ಸಾಲನ್ನು ಮತ್ತೆ ಬಾರಿಸಿದರು. ಪ್ರಿನ್ಸಿಪಾಲರು ಅರ್ಧ ಎದ್ದು ನಿಂತರು. ಹಿಲ್ಡಾ ಟೀಚರ್ ಸೀಟಿಯನ್ನು ಬಾಯಿಯಿಂದ ತೆಗೆದರು, ಅಷ್ಟೇ. ಶಶಿಕಲಾಳ ಬೆನ್ನು ಅಳುತ್ತಿತ್ತು. “ಎಲ್ಲರೂ ನೋಡ್ತಾ ಇದ್ದಾರೆ,” ಎಂದು ಅವಳು ಪಿಸುಗುಟ್ಟಿದ್ದು ನನಗೂ ಕೇಳಿತು.

ಆಗ ಕೆಳಗಿನ ಸಾಲಿನಿಂದ, ನೆಲ ನೋಡುತ್ತಿದ್ದ ಜಲಜಳ ದನಿ ಬಂತು. “ನೋಡಲಿ ಮಾರಾಯ್ತಿ. ಕತ್ತಲೆ ಹೋಗುವವರೆಗೆ ಕೂತಿರು. ನನಗೆಂತ ಅವಸರ ಇಲ್ಲ, ಹೊಟ್ಟೆ ತುಂಬ ಗಂಜಿ ಉಂಡು ಬಂದಿದ್ದೇನೆ.”

ಯಾರೋ ಕಿಸಕ್ಕೆಂದರು. ಐವರ ಬೆನ್ನುಗಳೂ ಒಮ್ಮೆ ನಗುವಿಗೆ ಅದುರಿ ಮತ್ತೆ ಗಟ್ಟಿಯಾದವು. ಬ್ಯಾಂಡು ಮೂರನೆಯ ಸಲ ಅದೇ ಸಾಲಿಗೆ ಬಂತು. ಶಶಿಕಲಾ ಕೈಯನ್ನು ಮತ್ತೆ ಮೊಣಕಾಲಿಗಿಟ್ಟಳು.